ಓವರ್‌ಫ್ಲೋ ಆಗುತ್ತಿದ್ದ ಪದ್ಮಿನಿ: ಮೂಡಿಗೆರೆ ಕಡೆಯ ಒಂದು ಪ್ರಕರಣ

ಗಾಡಿ ಪ್ರೀಮಿಯರ್ ಪದ್ಮಿನಿ. ಮಾಲೀಕರನ್ನು ಗೌಡರು ಎಂದಷ್ಟೇ ಕರೆಯುತ್ತೇನೆ. ಮೂಡಿಗೆರೆ ಸಂತೆಯಲ್ಲಿ ಆ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಹಾಗಾಗಿ ಗುರುತು ಸಿಗುವ ಭಯವಿಲ್ಲ. ಗ್ಯಾರೇಜುಗಳ ಹೆಸರು, ಹಳ್ಳಿಯ ಹೆಸರು, ಗಾಡಿ ನಂಬರು ಬಿಟ್ಟಿದ್ದೇನೆ. ನಾನು ಮೋಟಾರ್ ಮೆಕ್ಯಾನಿಕ್ ಟ್ರೇಡಿನಲ್ಲಿ ಪಾಠ ಹೇಳುವವನು. ಈಗಿನ ಹುಡುಗರು ಸ್ಕ್ಯಾನರ್ ಹಿಡಿದು ಕಲಿತವರು, ಕಾರ್ಬುರೇಟರ್ ಬಿಚ್ಚಿ ನೋಡಿದವರು ಕಡಿಮೆ. ಅವರಿಗೆ ಹೇಳಲು ಬರೆದಿಟ್ಟುಕೊಂಡ ಟಿಪ್ಪಣಿಯನ್ನೇ ಸ್ವಲ್ಪ ಬೆಳೆಸಿದ್ದೇನೆ.

ಹಿನ್ನೆಲೆ

ಗಾಡಿ ಗೌಡರ ತಂದೆಯ ಕಾಲದ್ದು. 1089 ಸಿಸಿ, ನಾಲ್ಕು ಸಿಲಿಂಡರ್, ಒಂದೇ ಬಾಯಿಯ ಸೋಲೆಕ್ಸ್ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ). ಪೆಟ್ರೋಲನ್ನು ಹಿಂದಿನ ಟ್ಯಾಂಕಿನಿಂದ ಎಳೆದು ತರುವುದು ಎಂಜಿನ್ನಿನ ಪಕ್ಕಕ್ಕೆ ಬೋಲ್ಟ್ ಹಾಕಿರುವ ಡಯಾಫ್ರಾಮ್ (ರಬ್ಬರ್ ಪೊರೆಯ) ಪಂಪ್, ಗ್ಯಾರೇಜಿನವರ ಬಾಯಲ್ಲಿ ಎಸಿ ಪಂಪ್. ತಂದೆ ತೀರಿಕೊಂಡ ಮೇಲೆ ಗಾಡಿ ಮಂಗಳೂರಿನಲ್ಲಿರುವ ಅಕ್ಕನ ಮನೆಯಲ್ಲಿ ಕೆಲವು ವರ್ಷ ಇತ್ತು. ಭಾವ ಹೊಸ ಕಾರು ತೆಗೆದುಕೊಂಡಾಗ ಚಾರ್ಮಾಡಿ ಹತ್ತಿಸಿ ವಾಪಸ್ ತಂದರು. ಈ ಮಂಗಳೂರಿನ ವಾಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಉತ್ತರದ ಅರ್ಧ ಅಲ್ಲೇ ಇತ್ತು.

ತೊಂದರೆ ಹೀಗಿತ್ತು. ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಹತ್ತು ನಿಮಿಷ ಓಡಿದ ಮೇಲೆ ಐಡ್ಲಿಂಗ್ ಕುಂಟುತ್ತಿತ್ತು, ಎಂಜಿನ್ ಇಡೀ ಗಾಡಿಯನ್ನು ಅಲುಗಾಡಿಸುತ್ತಿತ್ತು, ಸೈಲೆನ್ಸರಿನಿಂದ ಕಪ್ಪು ಹೊಗೆ. ಬಾನೆಟ್ ಎತ್ತಿದರೆ ಕಾರ್ಬುರೇಟರಿನ ಮೈಯೆಲ್ಲ ಪೆಟ್ರೋಲಿನಲ್ಲಿ ಒದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಅರ್ಧ ಗಂಟೆ ಕಾಯಬೇಕು. ಲೀಟರಿಗೆ ಹನ್ನೆರಡು ಕೊಡುತ್ತಿದ್ದ ಗಾಡಿ ಏಳಕ್ಕೆ ಇಳಿದಿತ್ತು. ಒಳಗೆ ಕೂತವರಿಗೆ ವಾಸನೆಗೆ ತಲೆನೋವು. ಗೌಡರ ಹೆಂಡತಿ ಆ ಗಾಡಿ ಹತ್ತುವುದನ್ನೇ ಬಿಟ್ಟಿದ್ದರು.

ನಾನು ಬರುವ ಮೊದಲು ನಡೆದದ್ದು

ಮೊದಲ ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದರು, ಅಂದರೆ ಹೊಸ ನೀಡಲ್ ವಾಲ್ವ್ ಮತ್ತು ಪ್ಯಾಕಿಂಗ್. ಒಂದು ವಾರ ಸುಮಾರಾಗಿ ಓಡಿತು, ಆಮೇಲೆ ಅದೇ ಕಥೆ. ಕೇಳಿದ್ದಕ್ಕೆ, ಈಗಿನ ಪೆಟ್ರೋಲೇ ಸರಿಯಿಲ್ಲ, ಎಥನಾಲ್ ಬೆರೆಸುತ್ತಾರೆ, ಹಳೇ ಗಾಡಿಗೆ ಒಗ್ಗಲ್ಲ ಎಂದು ಹೇಳಿ ಕಳಿಸಿದರು.

ಎರಡನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪೆಟ್ರೋಲ್ ಜಾಸ್ತಿ ಹೋಗುತ್ತಿದೆಯಲ್ಲ ಎಂದು ಮೈನ್ ಜೆಟ್ (ಪೆಟ್ರೋಲ್ ಹಾದುಹೋಗುವ ತೂತಿನ ತಿರುಪು) ತೆಗೆದು ಸಣ್ಣ ನಂಬರಿನದು ಹಾಕಿದರು. ಫ್ಲೋಟಿನ ನಾಲಿಗೆ ಬಗ್ಗಿಸಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನಲ್ಲಿ ಮಟ್ಟ ಇಳಿಸಿದರು. ಓವರ್‌ಫ್ಲೋ ಸ್ವಲ್ಪ ತಗ್ಗಿತು, ಆದರೆ ಏರು ಬಂದರೆ ಪಿಕಪ್ ಇಲ್ಲ, ಕಾರ್ಬುರೇಟರಿನ ಬಾಯಲ್ಲೇ ಪಟಾಕಿ ಹೊಡೆದ ಸದ್ದು. ಆ ಮೆಕ್ಯಾನಿಕ್ ಒಂದು ಉಪಕಾರ ಮಾಡಿದ್ದ. ತೆಗೆದ ಹಳೇ ಜೆಟ್ಟನ್ನು ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಇಟ್ಟಿದ್ದ.

ಮೂರನೆಯವರು ನೋಡಿದ ಕೂಡಲೇ "ಗೌಡ್ರೆ, ಕಾರ್ಬೇಟರ್ ಮುಗೀತು, ಹೊಸ್ದು ಹಾಕ್ಸಿ" ಅಂದರು. ಅಷ್ಟರಲ್ಲಿ ಬೆಂಗಳೂರಿನ ಮಗ ಫೋನಿನಲ್ಲೇ ತೀರ್ಪು ಕೊಟ್ಟಾಗಿತ್ತು: ಎಲೆಕ್ಟ್ರಿಕ್ ಪಂಪ್ ಹಾಕೋಣ, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಭಾಗ) ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡೋಣ.

ಎಲ್ಲರೂ ಕಾರ್ಬುರೇಟರನ್ನೇ ಹಿಡಿದದ್ದು ಏಕೆ ಎಂದರೆ ಪೆಟ್ರೋಲ್ ಕಾಣಿಸುತ್ತಿದ್ದದ್ದು ಅಲ್ಲಿ. ಬೌಲಿನೊಳಗೆ ನಡೆಯುವುದು ಮನೆ ಮೇಲಿನ ಟ್ಯಾಂಕಿನ ಬಾಲ್ ವಾಲ್ವಿನ ಕೆಲಸವೇ: ಮಟ್ಟ ಏರಿದಾಗ ಫ್ಲೋಟ್ ತೇಲಿ ನೀಡಲ್ಲನ್ನು ಒತ್ತಿ ದಾರಿ ಮುಚ್ಚುತ್ತದೆ. ತುಂಬಿ ಚೆಲ್ಲುತ್ತಿದೆ ಎಂದರೆ ವಾಲ್ವ್ ಕೆಟ್ಟಿರಬಹುದು, ಫ್ಲೋಟ್ ತೂತಾಗಿರಬಹುದು, ಇಲ್ಲವೇ ಕೆಳಗಿನಿಂದ ತಳ್ಳುವ ಒತ್ತಡ ವಾಲ್ವ್ ತಡೆಯುವುದಕ್ಕಿಂತ ಹೆಚ್ಚಿರಬಹುದು. ಮೂರನೆಯ ಸಾಧ್ಯತೆಯನ್ನು ಯಾರೂ ಅಳೆದು ನೋಡಿರಲಿಲ್ಲ. ಜೆಟ್ಟಿಗಂತೂ ಈ ವಿಷಯದಲ್ಲಿ ಪಾತ್ರವೇ ಇಲ್ಲ. ಎಂಜಿನ್ ಎಳೆದುಕೊಳ್ಳುವ ಪೆಟ್ರೋಲನ್ನು ಜೆಟ್ ಅಳೆದು ಕೊಡುತ್ತದೆ, ಬೌಲಿಗೆ ನುಗ್ಗಿ ಬರುವುದನ್ನು ತಡೆಯುವುದು ಅದರ ಕೆಲಸವಲ್ಲ.

ಎಥನಾಲ್ ಮಾತಿಗೂ ಇಲ್ಲೇ ಒಂದು ನಿಲುಗಡೆ ಕೊಡುತ್ತೇನೆ. ನಮ್ಮಲ್ಲಿ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರಲು ಶುರುವಾದದ್ದು 2023ರಲ್ಲಿ. ಹಳೇ ರಬ್ಬರ್ ಪೈಪು, ಡಯಾಫ್ರಾಮುಗಳನ್ನು ಅದು ಮೆತ್ತಗಾಗಿಸುತ್ತದೆ, ಟ್ಯಾಂಕಿನ ತಳದ ಹಳೇ ಜಿಡ್ಡು ಕರಗಿಸಿ ಮುಂದಕ್ಕೆ ತರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ನೀರನ್ನೂ ಹೀರಿಕೊಳ್ಳುತ್ತದೆ. ಇಷ್ಟೂ ನಿಜ. ಆದರೆ ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ದಪ್ಪವಾಗುವುದಿಲ್ಲ. ಕಪ್ಪು ಹೊಗೆ ಬರುವುದು ಪೆಟ್ರೋಲ್ ಹೆಚ್ಚಿರುವ ದಪ್ಪ ಮಿಶ್ರಣದಿಂದ. ಕಪ್ಪು ಹೊಗೆಯನ್ನು ನೇರವಾಗಿ ಅದರ ತಲೆಗೆ ಕಟ್ಟಲು ಬರುವುದಿಲ್ಲ.

ಎತ್ತರದ ಲೆಕ್ಕವೂ ಹಾಗೆಯೇ. ಮಂಗಳೂರು ಸಮುದ್ರಮಟ್ಟದ ಊರು, ಚಿಕ್ಕಮಗಳೂರು 1,000 ಮೀಟರಿಗೂ ಮೇಲೆ. ಆ ಎತ್ತರದಲ್ಲಿ ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳು, ಕಾರ್ಬುರೇಟರ್ ಮಿಶ್ರಣ ಹೆಚ್ಚೆಂದರೆ 5 ಶೇಕಡಾ ದಪ್ಪವಾಗುತ್ತದೆ. ಐಡ್ಲಿಂಗ್ ಸ್ವಲ್ಪ ಭಾರವಾಗಬಹುದು. ಮೈಲೇಜ್ ಹೆಚ್ಚುಕಡಿಮೆ ಅರ್ಧಕ್ಕೆ ಬೀಳಲು ಅದು ಸಾಲದು.

ಮೊದಲ ತೀರ್ಮಾನ: ಸ್ಟಾರ್ಟ್ ಮಾಡುವುದು ಬೇಡ

ಗೌಡರು ನನ್ನನ್ನು ಕರೆದಾಗ ಗಾಡಿ ಸ್ಟಾರ್ಟ್ ಮಾಡಿ ತೋರಿಸಲು ತಯಾರಾಗಿದ್ದರು. ನಾನು ಮೊದಲು ಆಯಿಲ್ ಗೇಜ್ ಕಡ್ಡಿ ಎಳೆದೆ. ಆಯಿಲ್ ಮೇಲಿನ ಗೆರೆ ದಾಟಿತ್ತು, ನೀರಿನ ಹಾಗೆ ತೊಟ್ಟಿಕ್ಕುತ್ತಿತ್ತು, ಮೂಗಿಗೆ ಹಿಡಿದರೆ ಪೆಟ್ರೋಲ್.

"ಆಯಿಲ್ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸಾರ್?"

"ಅದು ಆಯಿಲ್ ಅಲ್ಲ ಗೌಡ್ರೆ, ನೀವು ಬಂಕಿನಲ್ಲಿ ಹಾಕ್ಸಿದ ಪೆಟ್ರೋಲ್."

ಚೆಲ್ಲಿದ ಪೆಟ್ರೋಲ್ ಕಾರ್ಬುರೇಟರಿನ ಕೆಳಗಿನ ಕೊಳವೆಯಾದ ಮ್ಯಾನಿಫೋಲ್ಡಿನಿಂದ ಸಿಲಿಂಡರಿಗೆ, ಅಲ್ಲಿಂದ ರಿಂಗುಗಳ ಪಕ್ಕ ಜಾರಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿದಿತ್ತು. ಪಂಪಿನ ಡಯಾಫ್ರಾಮ್ ಹರಿದಿದ್ದರೂ ಹೀಗೆ ಆಗುತ್ತದೆ. ಯಾವ ದಾರಿಯಿಂದ ಬಂದಿದ್ದರೂ ಆ ತೆಳು ಆಯಿಲಿನಲ್ಲಿ ಓಡಿಸಿದರೆ ಬೇರಿಂಗು ಉಳಿಯುವುದಿಲ್ಲ. ಈ ಸ್ಥಿತಿಯಲ್ಲಿ ಅದು ಚಾರ್ಮಾಡಿ ಹತ್ತಿದ್ದೇ ಪುಣ್ಯ. ಆಯಿಲ್ ಇಳಿಸಿ ಹೊಸದು ಹಾಕುವ ತನಕ ಕೀಲಿ ತಿರುಗಿಸಬಾರದು ಎಂದೆ. ಗೌಡರಿಗೆ ಬೇಸರವಾಯಿತು, ಒಂದು ದಿನ ಹಾಳು ಅಂದುಕೊಂಡರು.

ಗಾಡಿಯನ್ನು ಶೆಡ್ಡಿನಿಂದ ಕಣಕ್ಕೆ ತಳ್ಳಿಸಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆ ಶೆಡ್ಡಿನ ಪಕ್ಕದಲ್ಲೇ ಬಚ್ಚಲ ಹಂಡೆಯ ಒಲೆ ದಿನವಿಡೀ ಉರಿಯುತ್ತಿತ್ತು. ಆ ಒಲೆ ಆರಿಸಿ, ಮರಳಿನ ಬಕೆಟ್ಟು ಮತ್ತು ಬೆಂಕಿ ನಂದಿಸುವ ಸಿಲಿಂಡರ್ ಹತ್ತಿರ ಇಟ್ಟುಕೊಂಡ ಮೇಲೆಯೇ ಕೆಲಸಕ್ಕೆ ಕೈ ಹಾಕಿದ್ದು. ಇಷ್ಟು ದಿನ ಏನೂ ಆಗದೆ ಇದ್ದದ್ದು ಅದೃಷ್ಟ.

ಹಿಂದಿನವರು ಮಾಡಿದ್ದನ್ನು ತೆಗೆಯುವುದು

ಹೊಸ ಪರೀಕ್ಷೆಗೆ ಮೊದಲು ಗಾಡಿಯನ್ನು ಅದರ ಮೂಲ ಸ್ಥಿತಿಗೆ ತರುವುದು ನನ್ನ ಪದ್ಧತಿ. ಸರಿಮಾಡಲು ಹೋಗಿ ಸೇರಿಸಿದ ತಪ್ಪು ಯಾವುದು, ಮೊದಲಿಂದ ಇದ್ದ ತಪ್ಪು ಯಾವುದು ಎಂದು ಬೇರ್ಪಡಿಸದೆ ಮುಂದೆ ಹೋದರೆ ಎರಡೂ ಸಿಗುವುದಿಲ್ಲ. ಡ್ಯಾಶ್‌ಬೋರ್ಡ್ ಡಬ್ಬದ ಹಳೇ ಜೆಟ್ ವಾಪಸ್ ಹಾಕಿದೆವು. ಜೆಟ್ ತಲೆಯ ಮೇಲಿನ ಅಂಕಿ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಂಕಿ ಓದದೆ ಹಾಕಬಾರದು.

ಫ್ಲೋಟನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಹಿಡಿದೆವು. ಒಳಗಿನ ಗಾಳಿ ಕಾದು ಹಿಗ್ಗುವುದರಿಂದ ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಏಳುತ್ತದೆ. ಗುಳ್ಳೆ ಬರಲಿಲ್ಲ, ಅಲುಗಿಸಿದರೆ ಒಳಗೆ ಪೆಟ್ರೋಲಿನ ಸದ್ದೂ ಇಲ್ಲ. ಬಗ್ಗಿಸಿದ್ದ ನಾಲಿಗೆಯನ್ನು ನೇರ ಮಾಡಿ ಮಟ್ಟ ಸರಿಪಡಿಸಿದೆವು. ಮೊದಲ ಗ್ಯಾರೇಜಿನವರು ಹಾಕಿದ್ದ ನೀಡಲ್ ಚೆನ್ನಾಗಿತ್ತು. ಸೋಲೆಕ್ಸಿನಲ್ಲಿ ಚೋಕ್ ಎಂದರೆ ಬಾಯಿ ಮುಚ್ಚುವ ತಗಡಲ್ಲ, ಪೆಟ್ರೋಲಿಗೆ ಬೇರೆ ದಾರಿ ತೆರೆಯುವ ಒಂದು ತಿರುಗುವ ಬಿಲ್ಲೆ. ಕೇಬಲ್ ಸಿಕ್ಕಿಕೊಂಡು ಅದು ಅರ್ಧ ತೆರೆದಿದ್ದರೂ ಬಿಸಿ ಎಂಜಿನ್ ಕಪ್ಪು ಹೊಗೆ ಬಿಡುತ್ತದೆ. ಇಲ್ಲಿ ಅದೂ ಸರಿಯಾಗಿ ಮುಚ್ಚಿಕೊಳ್ಳುತ್ತಿತ್ತು.

ಕಾರ್ಬುರೇಟರಿನಲ್ಲಿ ತಪ್ಪಿಲ್ಲ ಎಂದಾಯಿತು. ಆದರೂ ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದ ಎರಡು ನಿಮಿಷಕ್ಕೆ ಚೆಲ್ಲತೊಡಗಿತು.

ಬಾಟಲಿ ಮತ್ತು ಗೇಜು

ಪಂಪಿನ ಪೈಪನ್ನು ಕಾರ್ಬುರೇಟರಿನಿಂದ ಬಿಚ್ಚಿ, ಅದರ ಜಾಗಕ್ಕೆ ಬಾನೆಟ್ಟಿನ ಕೊಂಡಿಗೆ ಕಟ್ಟಿದ ಬಾಟಲಿಯಿಂದ ಪೆಟ್ರೋಲ್ ಇಳಿಸಿದೆವು. ಪಂಪಿನ ಬಾಯಿಗೆ ಒತ್ತಡ ಅಳೆಯುವ ಗೇಜು. ಎಂಜಿನ್ ಬಾಟಲಿಯ ಪೆಟ್ರೋಲಿನಲ್ಲಿ ಓಡುತ್ತದೆ, ಪಂಪ್ ಸುಮ್ಮನೆ ಗೇಜಿಗೆ ಒತ್ತುತ್ತಿರುತ್ತದೆ. ಹೀಗೆ ಕಟ್ಟಿದರೆ ಒಂದೇ ಓಟದಲ್ಲಿ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೆ.

ಬಾಟಲಿಯಲ್ಲಿ ಓಡಿದಷ್ಟು ಹೊತ್ತೂ ಒಂದು ಹನಿ ಚೆಲ್ಲಲಿಲ್ಲ. ಗೌಡರು ಕೈ ತಟ್ಟಿದರು, "ಸಿಕ್ತಲ್ಲ ಸಾರ್!" ಇಲ್ಲಿ ಅವಸರ ಮಾಡಬಾರದು. ಅರ್ಧ ಮೀಟರ್ ಎತ್ತರದ ಬಾಟಲಿ ಕೊಡುವ ಒತ್ತಡ ಅರ್ಧ ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಆಸುಪಾಸು. ಅಷ್ಟು ಕಡಿಮೆ ಒತ್ತಡವನ್ನು ಸವೆದ ನೀಡಲ್ಲೂ ತಡೆದೀತು. ಬಾಟಲಿ ಪರೀಕ್ಷೆ ಪಂಪಿನ ಮೇಲೆ ಸಂಶಯ ಹುಟ್ಟಿಸುತ್ತದೆ, ನೀಡಲ್ ನಿರ್ದೋಷಿ ಎಂದು ಹೇಳುವುದಿಲ್ಲ. ಅದಕ್ಕೇ ಗೇಜು ಬೇಕು.

ಗೇಜಿನ ಮುಳ್ಳು 6 ಪಿಎಸ್‌ಐ ದಾಟಿ ನಿಂತಿತ್ತು. ಈ ಬಗೆಯ ಕಾರ್ಬುರೇಟರಿಗೆ 3ರ ಸುತ್ತಮುತ್ತ ಇದ್ದರೆ ಸಾಕು, 4 ದಾಟಿದರೆ ಯೋಚಿಸಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಮುಳ್ಳು ಬೇಗ ಇಳಿಯಲಿಲ್ಲ, ಅಂದರೆ ಡಯಾಫ್ರಾಮ್ ಹರಿದಿಲ್ಲ. ಆಯಿಲಿಗೆ ಪೆಟ್ರೋಲ್ ಇಳಿದದ್ದು ಮೇಲಿನಿಂದಲೇ ಎಂಬುದೂ ಇದರಿಂದ ಗೊತ್ತಾಯಿತು.

ಗೌಡರು ಅಕ್ಕನಿಗೆ ಫೋನ್ ಹಚ್ಚಿದರು. "ಪೆಟ್ರೋಲ್ ಎಳೀತಿಲ್ಲ ಅಂತ ಪಂಪ್ ಹೊಸ್ದು ಹಾಕ್ಸಿದ್ವಲ್ಲೋ. ನಿಮ್ಮ ಭಾವ ಹೇಳಿರ್ಲಿಲ್ವಾ?"

ಭಾವ ಹೇಳಿರಲಿಲ್ಲ, ಗೌಡರೂ ಕೇಳಿರಲಿಲ್ಲ. ಮೂಡಿಗೆರೆಯಲ್ಲಿ ನೋಡಿದ ಯಾವ ಮೆಕ್ಯಾನಿಕ್ಕೂ ಕೊನೆಯಲ್ಲಿ ಏನು ಬದಲಾಯಿಸಿದ್ದು ಎಂದು ಕೇಳಿರಲಿಲ್ಲ. ಪಂಪ್ ಹೊಳೆಯುತ್ತಿದ್ದದ್ದರಿಂದ ಅದರ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಹೊಸ ಪಾರ್ಟಿಗೆ ಸಿಗುವ ಈ ರಿಯಾಯಿತಿ ಹಳೇ ಗಾಡಿಗಳ ವಿಷಯದಲ್ಲಿ ಬಹಳ ದುಬಾರಿ. ಮೂಲ ತಯಾರಕರ ಪಾರ್ಟ್ ಈಗ ಸಿಗುವುದು ಅಪರೂಪ, ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ನಕಲು, ಅದರ ಅಳತೆ ನಾವೇ ನೋಡಿಕೊಳ್ಳಬೇಕು.

ಪಂಪ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಎಂಜಿನ್ ಬ್ಲಾಕಿಗೂ ಪಂಪಿಗೂ ನಡುವೆ ಇರಬೇಕಾದ ದಪ್ಪ ಬೇಕಲೈಟ್ ತುಂಡು ಇರಲಿಲ್ಲ, ತೆಳು ಕಾಗದದ ಪ್ಯಾಕಿಂಗ್ ಮಾತ್ರ. ಆ ತುಂಡು ಎರಡು ಕೆಲಸ ಮಾಡುತ್ತದೆ: ಎಂಜಿನ್ ಕಾವು ಪಂಪಿಗೆ ಹತ್ತದಂತೆ ತಡೆಯುತ್ತದೆ, ಪಂಪಿನ ತೋಳು ಎಷ್ಟು ದೂರ ಒತ್ತಲ್ಪಡಬೇಕು ಎಂಬುದನ್ನೂ ನಿರ್ಧರಿಸುತ್ತದೆ. ಅದಿಲ್ಲದೆ ತೋಳು ಹೆಚ್ಚು ಒತ್ತಲ್ಪಟ್ಟು ಡಯಾಫ್ರಾಮಿನ ಸ್ಪ್ರಿಂಗ್ ಅತಿಯಾಗಿ ಕುಗ್ಗುತ್ತಿತ್ತು. ಪೆಟ್ರೋಲನ್ನು ತಳ್ಳುವುದು ಆ ಸ್ಪ್ರಿಂಗೇ, ಹಾಗಾಗಿ ಒತ್ತಡ ಏರಿತ್ತು. ನಕಲು ಪಂಪಿನ ಸ್ಪ್ರಿಂಗೂ ಕೈಗೆ ಗಟ್ಟಿ ಅನ್ನಿಸಿತು.

ಆಯ್ಕೆ ಎರಡಿತ್ತು: ಬೇರೆ ಪಂಪ್ ಹುಡುಕುವುದು, ಇಲ್ಲವೇ ಇದನ್ನೇ ಸರಿಗೊಳಿಸುವುದು. ಇನ್ನೊಂದು ಪಂಪ್ ತಂದರೆ ಅದೂ ನಕಲೇ ಆಗಿದ್ದರೆ? ಚಿಕ್ಕಮಗಳೂರಿನಲ್ಲಿ ಲೇತ್ ಕೆಲಸದವರಿಂದ ಬೇಕಲೈಟ್ ಹಲಗೆಯ ತುಂಡು ಕತ್ತರಿಸಿ ತೂತು ಹಾಕಿಸಿದೆವು. ಅದರ ಎರಡೂ ಕಡೆ ಕಾಗದದ ಪ್ಯಾಕಿಂಗ್ ಸೇರಿಸುತ್ತಾ, ತೆಗೆಯುತ್ತಾ, ಪ್ರತಿಸಲ ಗೇಜು ನೋಡುತ್ತಾ ಹೋದೆವು. ಮುಳ್ಳು 3ಕ್ಕೆ ಬಂದು ನಿಂತಿತು. ಪೈಪನ್ನು ಕಾರ್ಬುರೇಟರಿಗೆ ಹಾಕಿ ಓಡಿಸಿದರೆ ಮೈ ಒಣಗಿತ್ತು.

ಉಳಿದುಕೊಂಡ ಮಿಸ್ಸಿಂಗ್

ಕಪ್ಪು ಹೊಗೆ ಹೋಯಿತು. ಎಂಜಿನ್ ಮಾತ್ರ ಇನ್ನೂ ಕುಂಟುತ್ತಿತ್ತು (ನಾವು ಮಿಸ್ಸಿಂಗ್ ಅನ್ನುವುದು ಇದಕ್ಕೇ), ಮೂಲ ಜೆಟ್ ಹಾಕಿದ್ದರೂ ಕಾರ್ಬುರೇಟರಿನ ಬಾಯಲ್ಲಿ ಆಗಾಗ ಪಟಾಕಿ. ಗೌಡರ ಮುಖ ಸಪ್ಪಗಾಯಿತು. ಮಗ ಫೋನಿನಲ್ಲಿ, "ನಾನ್ ಹೇಳ್ಲಿಲ್ವಾ ಅಪ್ಪ, ಆ ಕಾರ್ಬುರೇಟರ್ ಎಸೀರಿ."

ಈ ಹಂತದಲ್ಲಿ ಪಂಪಿನ ತೀರ್ಮಾನವೇ ತಪ್ಪು ಎಂದು ಹಿಂದಕ್ಕೆ ಹೋಗುವುದು ಸುಲಭ. ಒಂದು ರೋಗಕ್ಕೆ ಒಂದೇ ಕಾರಣ ಇರಬೇಕು ಎಂದುಕೊಂಡವರು ಇಲ್ಲಿ ದಾರಿ ತಪ್ಪುತ್ತಾರೆ. ಕಿಡಿ ಬಾರದ ಸಿಲಿಂಡರ್ ತನ್ನ ಪಾಲಿನ ಪೆಟ್ರೋಲನ್ನು ಸುಡದೆ ಹೊರಗೆ ಹಾಕುತ್ತದೆ. ಪ್ಲಗ್ ಒದ್ದೆ, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ, ಮೈಲೇಜಿಗೆ ಹೊಡೆತ. ಇವೆಲ್ಲ ಓವರ್‌ಫ್ಲೋದ ಲಕ್ಷಣಗಳೂ ಹೌದು. ಎರಡು ತಪ್ಪುಗಳು ಒಂದರ ಬಟ್ಟೆ ಇನ್ನೊಂದು ತೊಟ್ಟುಕೊಂಡಿದ್ದವು.

ಇನ್ಸುಲೇಷನ್ ಇರುವ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎತ್ತಿದೆವು. ಒಂದು, ಎರಡು, ನಾಲ್ಕು ಎತ್ತಿದಾಗ ಎಂಜಿನ್ ಇನ್ನಷ್ಟು ಕುಸಿಯಿತು, ಮೂರನೆಯದನ್ನು ಎತ್ತಿದಾಗ ಏನೂ ವ್ಯತ್ಯಾಸವಿಲ್ಲ. ಮೂರರ ಪ್ಲಗ್ ತೆಗೆದು ಎರಡಕ್ಕೆ ಹಾಕಿದರೆ ಅಲ್ಲಿ ಚೆನ್ನಾಗಿ ಕೆಲಸ ಮಾಡಿತು. ವೈರ್ ಅದಲುಬದಲು ಮಾಡಿದರೂ ಮೂರು ಸತ್ತೇ ಇತ್ತು. ಕಂಪ್ರೆಷನ್ ನಾಲ್ಕರಲ್ಲೂ ಹೆಚ್ಚುಕಡಿಮೆ ಸಮ. ಪಾಯಿಂಟ್ ಗ್ಯಾಪ್ ಮತ್ತು ಕಂಡೆನ್ಸರ್ ನಾಲ್ಕಕ್ಕೂ ಒಂದೇ, ಅವು ಕೆಟ್ಟರೆ ಎಲ್ಲವೂ ನರಳಬೇಕು, ಒಂದು ಮಾತ್ರ ಅಲ್ಲ. ಉಳಿದದ್ದು ಕಿಡಿಯ ಕರೆಂಟನ್ನು ನಾಲ್ಕು ಪ್ಲಗ್ಗಿಗೂ ಸರದಿಯಲ್ಲಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್.

ಕ್ಯಾಪನ್ನು ಹಗಲಿನಲ್ಲಿ ಒರೆಸಿ ನೋಡಿದರೆ ಏನೂ ಕಾಣಲಿಲ್ಲ. ಕತ್ತಲಾದ ಮೇಲೆ ಕಣದ ಲೈಟು ಆರಿಸಿ, ಬಾನೆಟ್ ತೆಗೆದು ಓಡಿಸಿದೆವು. ಕ್ಯಾಪಿನ ಮೇಲೆ ಮೂರರ ವೈರ್ ಕೂರುವ ಕಂಬದಿಂದ ನಾಲ್ಕರ ಕಂಬಕ್ಕೆ ಕೂದಲೆಳೆಯಷ್ಟು ನೀಲಿ ಕಿಡಿ ಹರಿಯುತ್ತಿತ್ತು. ಕ್ಯಾಪಿನಲ್ಲಿ ಬಿರುಕು, ಅದರೊಳಗೆ ಮಲೆನಾಡಿನ ತೇವ ಮತ್ತು ಕರಿ. ಪದ್ಮಿನಿಯ ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ) 1-3-4-2, ಆದ್ದರಿಂದ ಕ್ಯಾಪಿನಲ್ಲಿ ಮೂರರ ಪಕ್ಕದವನು ನಾಲ್ಕು. ಮೂರರಲ್ಲಿ ಕಿಡಿ ಬೀಳಬೇಕಾದ ಗಳಿಗೆಯಲ್ಲಿ ನಾಲ್ಕು ಆಗಷ್ಟೇ ಗಾಳಿ-ಪೆಟ್ರೋಲ್ ತುಂಬಿಕೊಂಡು ಮುಗಿಸುತ್ತಿರುತ್ತದೆ, ಒಳಗೆ ಒತ್ತಡ ಕಡಿಮೆ. ಒತ್ತಡ ಕಡಿಮೆ ಇರುವ ಕಡೆ ಕಿಡಿ ಹಾರುವುದು ಸುಲಭ. ಹಾಗೆ ಬೇಡದ ಹೊತ್ತಿನಲ್ಲಿ ಹತ್ತಿಕೊಂಡದ್ದು ಇನ್ನೂ ಪೂರ್ತಿ ಮುಚ್ಚಿರದ ವಾಲ್ವಿನಿಂದ ಕಾರ್ಬುರೇಟರಿನ ಬಾಯಿಗೇ ಬರುತ್ತಿತ್ತು. ಸಣ್ಣ ಜೆಟ್ ಪಟಾಕಿಯನ್ನು ಜಾಸ್ತಿ ಮಾಡಿತ್ತು, ಹುಟ್ಟಿಸಿದ್ದು ಈ ಬಿರುಕು.

ಹೊಸ ಕ್ಯಾಪ್, ಹೊಸ ಪ್ಲಗ್ ಹಾಕಿದೆವು. ಗಾಡಿ ಸುಮ್ಮನಾಯಿತು.

ಕ್ರಮದ ಬಗ್ಗೆ ಒಂದು ಮಾತು

ಮೊದಲು ಕಿಡಿ, ಆಮೇಲೆ ಪೆಟ್ರೋಲ್ ಎಂಬುದು ನಮ್ಮ ಕಸುಬಿನ ಹಳೇ ಪಾಠ. ಮಿಸ್ಸಿಂಗ್ ಇರುವ ಎಂಜಿನ್ನಿನಲ್ಲಿ ಕಾರ್ಬುರೇಟರ್ ಟ್ಯೂನ್ ಮಾಡಲು ಬಾರದು ಎಂಬ ಅರ್ಥದಲ್ಲಿ ಅದು ಸರಿ. ಈ ಪ್ರಕರಣದಲ್ಲಿ ನಾನು ತಿರುಗಿಸಿ ಮಾಡಿದೆ. ಚೆಲ್ಲುವ ಪೆಟ್ರೋಲಿನ ಪಕ್ಕದಲ್ಲಿ ಸೋರುವ ಕಿಡಿಯನ್ನು ಕತ್ತಲಲ್ಲಿ ಹುಡುಕುವುದು ಜೀವಕ್ಕೆ ಅಪಾಯ, ಅದಕ್ಕೆ ಒತ್ತಡ ಮೊದಲು ಇಳಿಯಬೇಕಿತ್ತು. ಬರೀ ಮಿಸ್ಸಿಂಗ್ ಇದ್ದು ಚೆಲ್ಲದೆ ಇದ್ದಿದ್ದರೆ ಕ್ಯಾಪಿನಿಂದಲೇ ಶುರು ಮಾಡುತ್ತಿದ್ದೆ.

ಖರ್ಚಿನಲ್ಲಿ ದೊಡ್ಡ ಪಾಲು ಆಯಿಲಿನದು. ನಿಜವಾಗಿ ಕೆಟ್ಟಿದ್ದ ಕ್ಯಾಪ್ ಮತ್ತು ಬೇಕಲೈಟ್ ತುಂಡು ಎರಡೂ ಸೇರಿ ಹೊಸ ಕಾರ್ಬುರೇಟರಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಗೇಜನ್ನು ನಾನು ತಂದಿದ್ದೆ. ಈ ಸೀಮೆಯ ಸಣ್ಣ ಗ್ಯಾರೇಜುಗಳಲ್ಲಿ ಅಂಥ ಗೇಜು ಇಲ್ಲದಿರುವುದೇ ಅರ್ಧ ಸಮಸ್ಯೆ ಎಂದು ನನಗೆ ಅನ್ನಿಸುತ್ತದೆ. ಮೂವರೂ ಕೈಯಲ್ಲಿ ಕೆಲಸ ಇದ್ದವರೇ, ಅಳೆಯುವ ಸಾಧನ ಇಲ್ಲದೆ ಕಂಡದ್ದನ್ನು ಬದಲಾಯಿಸಿದರು.

ಈಗಿನ ಸ್ಥಿತಿ

ಲೀಟರಿಗೆ ಹನ್ನೊಂದು ಕೊಡುತ್ತಿದೆ. ಬಿಸಿ ಎಂಜಿನ್ನಿನ ತೊಂದರೆ ಪೂರ್ತಿ ಹೋಗಿಲ್ಲ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದರೆ ಎಂಜಿನ್ ಕಾವಿಗೆ ಬೌಲಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಇಳಿಯುತ್ತದೆ, ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಸ್ವಲ್ಪ ಹೆಚ್ಚೇ. ಆಗ ಗೌಡರು ತಂದೆಯಿಂದ ಕಲಿತ ಹಾಗೆ ಆಕ್ಸಿಲರೇಟರನ್ನು ನಾಲ್ಕೈದು ಸಲ ತುಳಿದು ಸೆಲ್ಫ್ ಹೊಡೆಯುತ್ತಿದ್ದರು. ಪ್ರತಿ ತುಳಿತಕ್ಕೂ ಕಾರ್ಬುರೇಟರಿನ ಒಳಗಿನ ಪಂಪ್ ಇನ್ನಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. ಈಗ ಒಂದೇ ಸಲ ನಿಧಾನವಾಗಿ ತಳಕ್ಕೆ ಒತ್ತಿ, ಹಾಗೇ ಹಿಡಿದು ಸೆಲ್ಫ್ ಹೊಡೆಯುತ್ತಾರೆ. ಬಾಯಿ ಪೂರ್ತಿ ತೆರೆದು ಗಾಳಿ ನುಗ್ಗಿ ಹೆಚ್ಚಿನ ಪೆಟ್ರೋಲ್ ತೆರವಾಗುತ್ತದೆ, ಗಾಡಿ ಹಿಡಿಯುತ್ತದೆ.

ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯದ್ದಕ್ಕೆ ಬದಲಾಯಿಸಿದ್ದೇವೆ. ಪಂಪಿನ ಡಯಾಫ್ರಾಮ್ ಯಾವ ರಬ್ಬರಿನದೋ ನಕಲು ಪಾರ್ಟಿನಲ್ಲಿ ಬರೆದಿರುವುದಿಲ್ಲ, ಅದಕ್ಕೇ ಗೌಡರು ಪ್ರತಿ ಭಾನುವಾರ ಗೇಜ್ ಕಡ್ಡಿ ಎಳೆದು ಮೂಸಿ ನೋಡುತ್ತಾರೆ. ಮಗನ ಎಲೆಕ್ಟ್ರಿಕ್ ಪಂಪಿನ ಪಟ್ಟು ಇನ್ನೂ ಬಿಟ್ಟಿಲ್ಲ. ನನ್ನ ಆಕ್ಷೇಪ ಒಂದೇ. ಎಂಜಿನ್ ನಿಂತರೆ ಈಗಿನ ಪಂಪ್ ತಾನಾಗಿ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್ ಕೀಲಿ ಆನ್ ಇರುವಷ್ಟು ಹೊತ್ತೂ ತಳ್ಳುತ್ತಿರುತ್ತದೆ, ಗಾಡಿ ಚರಂಡಿಗೆ ಮಗುಚಿದ್ದರೂ. ಒತ್ತಡ ಮಿತಿಯಲ್ಲಿಡುವ ರೆಗ್ಯುಲೇಟರು, ಆಯಿಲ್ ಪ್ರೆಷರ್ ಬಿದ್ದರೆ ಪಂಪ್ ಕಡಿಯುವ ಸ್ವಿಚ್ಚು ಎರಡೂ ಸೇರಿಸಿ ತಂದರೆ ನಾನೇ ಕೂರಿಸಿಕೊಡುತ್ತೇನೆ ಎಂದಿದ್ದೇನೆ. ಬರೀ ಪಂಪ್ ತಂದರೆ ಬೇಡ.